ಶಿವಮೊಗ್ಗ ಆಟೋ ಕಾಂಪ್ಲೆಕ್ಸಿನ ಒಂದು ಗ್ಯಾರೇಜು: ಕ್ಲಚ್ ಕೆಲಸ, ಅದರ ಬಿಲ್ಲು, ಲೇಬರಿನ ಲೆಕ್ಕ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಶಿವಮೊಗ್ಗದಲ್ಲಿ ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಜಾಗ. ಅಲ್ಲಿನ ಒಂದು ಸಣ್ಣ ಗ್ಯಾರೇಜಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಮೇಸ್ತ್ರಿಯೇ ಕೇಳಿಕೊಂಡರು. ಅವರಿಗೆ ಇರುವುದು ಒಂದು ಲಿಫ್ಟು, ಒಂದು ಪಿಟ್ಟು, ಮೂವರು ಹುಡುಗರು. ಈಗ ಬರುತ್ತಿರುವ ಕಾರುಗಳನ್ನೇ ಹೇಳಿದ ದಿನಕ್ಕೆ ಕೊಡಲು ಆಗುತ್ತಿಲ್ಲವಂತೆ. ಆದರೆ ಅವರು ಕೊಟ್ಟ ಬಿಲ್ಲಿನ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ ಅಂದರು. ನನಗೂ ಬರೆಯಬೇಕಿದ್ದದ್ದು ಅದರ ಬಗ್ಗೆಯೇ.

ನಾನು ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತೇನೆ. ಯಾವ ಬಿಲ್ಲು ಕೈಗೆ ಬಂದರೂ ಕೊನೆಯ ಮೊತ್ತ ನೋಡುವ ಮೊದಲು ಒಂದೊಂದೇ ಸಾಲು ಓದುವ ಅಭ್ಯಾಸ. ಕಾರಿನ ಬಿಲ್ಲುಗಳಲ್ಲಿ ಜನ ಸಾಮಾನ್ಯವಾಗಿ ಪಾರ್ಟ್ಸ್ ರೇಟಿನ ಬಗ್ಗೆ ಜಗಳ ಮಾಡುತ್ತಾರೆ. ಲೇಬರ್ ಸಾಲು ಬಂದಾಗ ಸುಮ್ಮನಾಗುತ್ತಾರೆ. ಪಾರ್ಟಿಗೆ ಪ್ಯಾಕೆಟ್ ಇದೆ, ಅದರ ಮೇಲೆ ರೇಟು ಇದೆ. ಲೇಬರಿಗೆ ಎರಡೂ ಇಲ್ಲ. ಹಾಗಾಗಿ ಮೋಸ ಆಗುವುದಾದರೆ ಅಲ್ಲೇ ಆಗುವುದು ಜಾಸ್ತಿ.

ನಮ್ಮದು 2014ರ ವ್ಯಾಗನ್ ಆರ್, ಪೆಟ್ರೋಲ್. ಕಾಲೇಜು ತೀರ್ಥಹಳ್ಳಿ ರಸ್ತೆಯಲ್ಲಿದೆ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಕಡೆಗೆ ದಿನಾ ಓಡಾಟ. ಮಳೆಗಾಲ ಮುಗಿದ ಮೇಲೆ ಒಂದು ತೊಂದರೆ ಶುರುವಾಯಿತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಶಬ್ದ ಏರುತ್ತದೆ, ಕಾರು ಮಾತ್ರ ಮುಂದಕ್ಕೆ ಎಳೆಯುವುದಿಲ್ಲ. ಜೊತೆಗೆ ಸುಟ್ಟ ವಾಸನೆ. ಕ್ಲಚ್ ಸ್ಲಿಪ್ ಆಗುವ ಲಕ್ಷಣ ಇದೇ. ಮೊದಲು ಊರಿನ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದೆ. ಎಸಿ ಇರುವ ಕೂರುವ ಜಾಗ, ಕಾಫಿ, ಎಲ್ಲಾ ಚೆನ್ನಾಗಿತ್ತು. ಅರ್ಧ ಗಂಟೆಯಲ್ಲಿ ಎಸ್ಟಿಮೇಟ್ ಕೈಗೆ ಬಂತು: 16,856 ರೂಪಾಯಿ.

ಆ ಎಸ್ಟಿಮೇಟಿನ ಸಾಲುಗಳನ್ನು ಇಲ್ಲಿ ಹಾಗೇ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾರಿಗೂ ಇಂಥದ್ದೇ ಬರಬಹುದು. ಕ್ಲಚ್ ಪ್ಲೇಟು ಮತ್ತು ಪ್ರೆಶರ್ ಪ್ಲೇಟಿನ ಸೆಟ್ 4,150. ರಿಲೀಸ್ ಬೇರಿಂಗ್ 860. ಕ್ಲಚ್ ಕೇಬಲ್ 540. ಗೇರ್ ಆಯಿಲ್ 780. ಇವು ಪಾರ್ಟ್ಸ್, ತೆರಿಗೆ ಸೇರಿ 6,330. ಇದರ ಬಗ್ಗೆ ನನಗೆ ತಕರಾರಿಲ್ಲ. ಆಮೇಲೆ ಲೇಬರ್ ನಾಲ್ಕು ಸಾಲು. ಕ್ಲಚ್ ಓವರ್‌ಹಾಲ್ 3,400. ಗೇರ್ ಬಾಕ್ಸ್ ಇಳಿಸಿ ಏರಿಸುವುದು 2,200. ಗೇರ್ ಆಯಿಲ್ ಬದಲಾವಣೆ 350. ಕ್ಲಚ್ ಕೇಬಲ್ ಬದಲಾವಣೆ 450. ಒಟ್ಟು 6,400, ಅದಕ್ಕೆ ಜಿಎಸ್‌ಟಿ ಸೇರಿ 7,552. ಇಷ್ಟು ಸಾಲದು ಎಂಬಂತೆ ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಹೋಗುವ ಬಾಗಿಲು) ಕ್ಲೀನಿಂಗ್, ಅದಕ್ಕೆ ಬೇಕಾದ ಕೆಮಿಕಲ್, ಎಂಜಿನ್ ಫ್ಲಶ್, ಎಸಿ ಡಿಸ್‌ಇನ್ಫೆಕ್ಷನ್. ಇವೆಲ್ಲ ಸೇರಿ ತೆರಿಗೆಯೊಂದಿಗೆ ಸುಮಾರು ಮೂರು ಸಾವಿರ.

ಲೇಬರಿನ ಮೊದಲ ಎರಡು ಸಾಲು ಇನ್ನೊಮ್ಮೆ ಓದಿ. ಕ್ಲಚ್ ಇರುವುದು ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವೆ. ಗೇರ್ ಬಾಕ್ಸ್ ಇಳಿಸದೆ ಕ್ಲಚ್ ಕೈಗೇ ಸಿಗುವುದಿಲ್ಲ. ಅಂದರೆ ಕ್ಲಚ್ ಬದಲಾಯಿಸುವ ಕೆಲಸದ ಮುಕ್ಕಾಲು ಪಾಲು ಗೇರ್ ಬಾಕ್ಸ್ ಇಳಿಸುವುದು, ಏರಿಸುವುದೇ. ಅದನ್ನು ಬೇರೆ ಸಾಲಾಗಿ ಬರೆದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೇಳಿದಂತೆ. ಗೇರ್ ಆಯಿಲಿನದ್ದೂ ಅದೇ ಕತೆ. ಗೇರ್ ಬಾಕ್ಸ್ ಇಳಿಸಬೇಕಾದರೆ ಅದರಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಎಳೆಯಬೇಕು. ಅದಕ್ಕೂ ಮೊದಲು ಆಯಿಲ್ ಬಸಿಯಲೇಬೇಕು. ಕೂರಿಸಿದ ಮೇಲೆ ಆಯಿಲ್ ತುಂಬಲೇಬೇಕು. ಆಯಿಲಿಗೆ ದುಡ್ಡು ಕೊಡೋಣ, ಸರಿ. ತುಂಬಿದ್ದಕ್ಕೆ 350 ಯಾಕೆ? ಕೇಬಲ್ ಕೂಡ ಹಾಗೆಯೇ. ಗೇರ್ ಬಾಕ್ಸ್ ಬಿಚ್ಚುವಾಗ ಅದರ ಒಂದು ತುದಿ ಹೇಗೂ ಕಳಚಿರುತ್ತದೆ.

ಅಡ್ವೈಸರ್ ಹುಡುಗನನ್ನು ಸಮಾಧಾನವಾಗಿಯೇ ಕೇಳಿದೆ, "ಕ್ಲಚ್ ಓವರ್‌ಹಾಲ್ ಅಂದರೆ ಅದರಲ್ಲಿ ಏನೇನು ಬರುತ್ತದಪ್ಪ?" ಅವನು ಕಂಪ್ಯೂಟರ್ ನೋಡಿದ. "ಸಿಸ್ಟಂನಲ್ಲಿ ಹಾಗೇ ಬರ್ತದೆ ಮೇಡಂ" ಅಂದ. ಅವನನ್ನು ದೂರುವುದಿಲ್ಲ. ದಿನಕ್ಕೆ ಇಷ್ಟು ಬಿಲ್ಲು ಮಾಡಬೇಕು ಎಂದು ಅವನಿಗೆ ಮೇಲಿನಿಂದ ಒತ್ತಡ ಇರುತ್ತದೆ. ಆದರೆ ನನ್ನ ದುಡ್ಡು ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಹೇಳಲಾಗದ ಕಡೆ ಕಾರು ಬಿಡಲು ಮನಸ್ಸು ಬರಲಿಲ್ಲ. ಎಸ್ಟಿಮೇಟ್ ಕಾಗದ ತೆಗೆದುಕೊಂಡು ಹೊರಟೆ. ಈ ಕಾಗದವನ್ನು ಕೇಳಿ ಪಡೆಯಿರಿ. ಬಾಯಲ್ಲಿ ಹೇಳಿದ ಮೊತ್ತವನ್ನು ಇನ್ನೊಂದು ಕಡೆ ಹೋಲಿಸಿ ನೋಡಲು ಆಗುವುದಿಲ್ಲ.

ಆಟೋ ಕಾಂಪ್ಲೆಕ್ಸಿನ ಮೇಸ್ತ್ರಿಯನ್ನು ಪರಿಚಯ ಮಾಡಿಸಿದ್ದು ನಮ್ಮ ಕಾಲೇಜಿನ ಫಿಸಿಕ್ಸ್ ಲೆಕ್ಚರರ್. ಅವರ ಕಾರಿನ ಕತೆ ಮುಂದೆ ಬರುತ್ತದೆ. ಮೇಸ್ತ್ರಿ ಎಸ್ಟಿಮೇಟ್ ಕಾಗದ ಕೈಗೆ ತೆಗೆದುಕೊಳ್ಳಲೇ ಇಲ್ಲ. "ಅದು ಅವರ ಲೆಕ್ಕ ಮೇಡಂ, ಮೊದ್ಲು ಗಾಡಿ ನೋಡ್ತೀನಿ" ಅಂದರು. ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ನಿಧಾನವಾಗಿ ಕ್ಲಚ್ ಬಿಟ್ಟರು. ಕ್ಲಚ್ ಸರಿ ಇದ್ದರೆ ಎಂಜಿನ್ ತಕ್ಷಣ ಆಫ್ ಆಗಬೇಕು. ನಮ್ಮದು ಗುರ್ ಅನ್ನುತ್ತಾ ಓಡುತ್ತಲೇ ಇತ್ತು. ಆಮೇಲೆ ಬಾನೆಟ್ ಎತ್ತಿ ಕೇಬಲ್ ಎಳೆದು ನೋಡಿದರು. ಪೆಡಲಿನ ಪ್ಲೇ, ಅಂದರೆ ಸಡಿಲ ಎಷ್ಟಿದೆ ಎಂದೂ ನೋಡಿದರು. ಕೇಬಲ್ ತೀರಾ ಬಿಗಿ ಇದ್ದರೂ ಕ್ಲಚ್ ಪೂರ್ತಿ ಕೂರದೆ ಸ್ಲಿಪ್ ಆಗುತ್ತದಂತೆ. ಅಡ್ಜಸ್ಟ್ ಮಾಡಿದರೆ ಕೆಲವು ಸಲ ಅಲ್ಲಿಗೇ ಮುಗಿಯುತ್ತದಂತೆ. "ನಿಮ್ದು ಕೇಬಲ್ ಚೆನ್ನಾಗಿದೆ, ಬದಲಿಸೋದು ಬೇಡ. ಪ್ಲೇಟ್ ಮುಗಿದಿದೆ." ಇಷ್ಟಕ್ಕೆ ಹಿಡಿದದ್ದು ಹತ್ತು ನಿಮಿಷ. ದೊಡ್ಡ ಸೆಂಟರಿನಲ್ಲಿ ಈ ಹತ್ತು ನಿಮಿಷದ ಪರೀಕ್ಷೆಯನ್ನು ಯಾರೂ ಮಾಡಿರಲಿಲ್ಲ.

ಲೇಬರ್ ಎಷ್ಟು ಎಂದು ಕೇಳಿದೆ. "ಗೇರ್ ಬಾಕ್ಸ್ ಇಳಿಸಿ, ಕ್ಲಚ್ ಹಾಕಿ, ಆಯಿಲ್ ತುಂಬಿ, ಟ್ರಯಲ್ ನೋಡಿ ಗಾಡಿ ಕೊಡೋದಕ್ಕೆ 2,400. ಇದ್ರಲ್ಲೇ ಎಲ್ಲಾ ಬಂತು." ಜೊತೆಗೆ ಇನ್ನೊಂದು ಮಾತು ಹೇಳಿದರು. ಗೇರ್ ಬಾಕ್ಸ್ ಇಳಿಸಿದಾಗ ಎಂಜಿನ್ ಹಿಂದಿನ ಆಯಿಲ್ ಸೀಲ್ ಕಣ್ಣಿಗೆ ಕಾಣುತ್ತದೆ. ಅದು ಒಸರುತ್ತಿದ್ದರೆ ಈಗಲೇ ಬದಲಿಸಬೇಕು, ಸೀಲಿನ ದುಡ್ಡು ಮಾತ್ರ. ಈಗ ಬಿಟ್ಟು ಆರು ತಿಂಗಳಿಗೆ ಸೋರಿದರೆ ಪುನಃ ಗೇರ್ ಬಾಕ್ಸ್ ಇಳಿಸಬೇಕು, ಪುನಃ ಅಷ್ಟೇ ಲೇಬರ್. ಸೋರಿದ ಆಯಿಲ್ ಹೊಸ ಕ್ಲಚ್ಚನ್ನೂ ಹಾಳು ಮಾಡುತ್ತದೆ.

ಈ ಮಾತಿಗಾಗಿಯೇ ನಾನು ಈ ಗ್ಯಾರೇಜನ್ನು ಹೊಗಳುತ್ತಿರುವುದು. ದೊಡ್ಡ ಕಡೆ ಒಂದು ಕೆಲಸವನ್ನು ಮೂರು ಸಾಲು ಮಾಡಿದ್ದರು. ಇಲ್ಲಿ ಮೂರು ಕೆಲಸವನ್ನು ಒಂದು ಲೇಬರಿನಲ್ಲಿ ಮುಗಿಸಿದರು. ನೀವು ಯಾವ ರಿಪೇರಿಗೆ ಹೋದರೂ ಈ ಒಂದು ಪ್ರಶ್ನೆ ಕೇಳಿ: ಇದನ್ನು ಬಿಚ್ಚಿದಾಗ ಇನ್ನೇನೇನು ಬಿಚ್ಚಿರುತ್ತದೆ? ಮುಂದಿನ ಶಾಕ್ ಅಬ್ಸಾರ್ಬರ್ ತೆಗೆದರೆ ಅದರ ಮೇಲಿನ ಮೌಂಟಿಂಗ್ ಕೂಡ ಕೈಯಲ್ಲೇ ಬಂದಿರುತ್ತದೆ. ಮೌಂಟಿಂಗಿಗೆ ಬೇರೆ ಲೇಬರ್ ಕೇಳಿದರೆ ಯಾಕೆ ಎಂದು ಕೇಳಬೇಕು. ಚಕ್ರದ ಹಿಂದೆಯೇ ಇರುವ ಲಿಂಕ್ ರಾಡ್, ಲೋಯರ್ ಆರ್ಮ್, ಶಾಕ್ ಮೂರನ್ನೂ ಒಟ್ಟಿಗೆ ಹಾಕಿಸಿದರೆ ಚಕ್ರ ಬಿಚ್ಚುವುದು ಒಂದೇ ಸಲ. ಒಂದೊಂದಕ್ಕೂ ಪೂರ್ತಿ ಲೇಬರ್ ಕೂಡಿಸಿದರೆ ಅದು ಸರಿಯಲ್ಲ. ಬ್ರೇಕ್ ಪ್ಯಾಡ್ ಬದಲಿಸಿದ ಮೇಲೆ "ಕ್ಯಾಲಿಪರ್ ಪಿನ್ ಗ್ರೀಸಿಂಗ್" ಎಂದು ಇನ್ನೊಂದು ಸಾಲು ಕಂಡರೂ ಹಾಗೆಯೇ. ಕ್ಯಾಲಿಪರ್ ಬಿಚ್ಚದೆ ಪ್ಯಾಡ್ ಬರುವುದಿಲ್ಲ. ಪಿನ್ನಿಗೆ ಗ್ರೀಸ್ ಹಚ್ಚುವುದು ಆ ಕೆಲಸದ ಭಾಗವೇ.

ಲೇಬರ್ ಎಂಬುದು ಹೇಗೆ ಹುಟ್ಟುತ್ತದೆ ಎಂದು ತಿಳಿದಿದ್ದರೆ ಈ ಪ್ರಶ್ನೆ ಕೇಳಲು ಧೈರ್ಯ ಬರುತ್ತದೆ. ಕಾರು ಕಂಪನಿಗಳು ಒಂದೊಂದು ಕೆಲಸಕ್ಕೂ ಇಷ್ಟು ಸಮಯ ಎಂದು ಗೊತ್ತುಮಾಡಿರುತ್ತವೆ. ಆ ಸಮಯವನ್ನು ಊರಿನ ಗಂಟೆ ದರದಿಂದ ಗುಣಿಸಿದರೆ ಲೇಬರ್. ನಿಜಕ್ಕೂ ಎಷ್ಟು ಹೊತ್ತು ಹಿಡಿಯಿತು ಎಂಬುದು ಲೆಕ್ಕಕ್ಕಿಲ್ಲ. ಕೈ ಪಳಗಿದವನು ಮೂರು ಗಂಟೆಯ ಕೆಲಸ ಎರಡೇ ಗಂಟೆಗೆ ಮುಗಿಸಿದರೂ ನೀವು ಕೊಡುವುದು ಮೂರು ಗಂಟೆಗೆ. ಇದರಲ್ಲಿ ಅನ್ಯಾಯ ಇದೆ ಎಂದು ನನಗನಿಸುವುದಿಲ್ಲ. ತುಕ್ಕು ಹಿಡಿದ ಬೋಲ್ಟು ಬಿಚ್ಚಲು ಒಂದು ಗಂಟೆ ಜಾಸ್ತಿ ಹಿಡಿದರೂ ನೀವು ಕೊಡುವುದು ಅಷ್ಟೇ. ತೊಂದರೆ ಬರುವುದು ಒಂದೇ ಸಮಯವನ್ನು ಎರಡು ಹೆಸರಿನಲ್ಲಿ ಲೆಕ್ಕ ಹಾಕಿದಾಗ.

ಸಣ್ಣ ಗ್ಯಾರೇಜುಗಳಲ್ಲಿ ಇಂಥ ಪಟ್ಟಿ ಇರುವುದಿಲ್ಲ. ಅಲ್ಲಿ ಮೇಸ್ತ್ರಿಯ ಅನುಭವವೇ ಪಟ್ಟಿ. ಅದಕ್ಕೇ ಒಂದೇ ಕೆಲಸಕ್ಕೆ ಮೂರು ಗ್ಯಾರೇಜಿನಲ್ಲಿ ಮೂರು ರೇಟು ಬರುತ್ತದೆ. ಕಾರಿನಿಂದ ಕಾರಿಗೂ ವ್ಯತ್ಯಾಸ ಇದೆ. ಕೆಲವು ಕಾರುಗಳಲ್ಲಿ ಬಂಪರ್ ತೆಗೆಯದೆ ಹೆಡ್‌ಲೈಟ್ ಹೊರಗೆ ಬರುವುದಿಲ್ಲ. ಎಸಿಯ ಕೂಲಿಂಗ್ ಕಾಯಿಲ್ ಇನ್ನೂ ದೊಡ್ಡ ಉದಾಹರಣೆ. ಬಹಳ ಕಾರುಗಳಲ್ಲಿ ಪೂರ್ತಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಏರ್‌ಬ್ಯಾಗು, ಸ್ಟೀರಿಂಗು, ಹತ್ತಾರು ಕ್ಲಿಪ್ಪು, ವೈರಿಂಗ್ ಎಲ್ಲಾ ಹೊರಗೆ. ಕಾಯಿಲಿನ ಬೆಲೆಗಿಂತ ಕೆಲಸದ ಬೆಲೆ ಜಾಸ್ತಿ ಆದರೂ ಆಶ್ಚರ್ಯ ಇಲ್ಲ. ಅಂಥ ಕಡೆ "ಪಾರ್ಟೇ ಅಷ್ಟಿಲ್ಲ, ಲೇಬರ್ ಇಷ್ಟು ಯಾಕೆ" ಎಂದು ಜಗಳ ಮಾಡುವುದು ತಪ್ಪು. ಅವಸರದಲ್ಲಿ ಕೂರಿಸಿದ ಡ್ಯಾಶ್‌ಬೋರ್ಡ್ ಆಮೇಲೆ ವರ್ಷಗಟ್ಟಲೆ ಕಟಕಟ ಅನ್ನುತ್ತದೆ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಲೇಬರ್ ಕಮ್ಮಿ ಮಾಡಿ ಎಂದು ಚೌಕಾಶಿ ಮಾಡಬಾರದು. ಲೇಬರಿನಲ್ಲಿ ಏನೇನು ಬರುತ್ತದೆ ಎಂದು ಕೇಳಬೇಕು. ನಮ್ಮ ಕಾರಿಗೆ ಮೇಸ್ತ್ರಿ ಮತ್ತು ಒಬ್ಬ ಹುಡುಗ ಅರ್ಧ ದಿನ ಕೆಲಸ ಮಾಡಿದರು. ಬ್ಯಾಟರಿ, ಅದರ ತಟ್ಟೆ, ಗೇರ್ ಕೇಬಲ್, ಎರಡೂ ಡ್ರೈವ್ ಶಾಫ್ಟ್ ಬಿಚ್ಚಿ, ಎಂಜಿನ್ನಿಗೆ ಆಸರೆ ಕೊಟ್ಟು, ಗೇರ್ ಬಾಕ್ಸನ್ನು ಜಾಕಿನ ಮೇಲೆ ಇಳಿಸಿದರು. ಕೂರಿಸುವಾಗ ಗೇರ್ ಬಾಕ್ಸಿನ ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿನ ತೂತಿಗೆ ನೇರ ಹೋಗಬೇಕು. ಕೂದಲೆಳೆ ಅತ್ತಿತ್ತ ಆದರೂ ಕೂರುವುದಿಲ್ಲ. ಇಷ್ಟು ಕೆಲಸಕ್ಕೆ 2,400 ಕೊಡುವುದು ನನಗೆ ಹೊರೆ ಅನಿಸಲಿಲ್ಲ. ಇದರಲ್ಲಿ ಇನ್ನೂರು ಕಡಿತ ಮಾಡಿಸಿಕೊಂಡರೆ ಆ ಇನ್ನೂರು ಎಲ್ಲಿಂದ ಹೋಗುತ್ತದೆ? ಹುಡುಗನ ದಿನಗೂಲಿಯಿಂದ. ಇಲ್ಲದಿದ್ದರೆ ಹಾಕಬೇಕಾದ ಸೀಲಿನಿಂದ.

ಕೆಲಸ ಮುಗಿದ ಮೇಲೆ ಬಂದ ಬಿಲ್ಲು ಹೀಗಿತ್ತು. ಕಂಪನಿಯ ಕ್ಲಚ್ ಸೆಟ್ 3,950. ಪಾರ್ಟ್ಸ್ ಅಂಗಡಿಯವರು ಬಿಟ್ಟ 200 ರೂಪಾಯಿಯನ್ನು ನಮಗೇ ಬಿಟ್ಟಿದ್ದರು. ಬೇರಿಂಗ್ 860, ಗೇರ್ ಆಯಿಲ್ 780, ಆಯಿಲ್ ಸೀಲ್ 220. ಲೇಬರ್ 2,400, ಅದರ ಮೇಲೆ ಶೇ. 18 ಜಿಎಸ್‌ಟಿ 432. ಒಟ್ಟು 8,642. ಕಾರಿನ ಹಿಂಬದಿಯಲ್ಲಿ ಹಳೆಯ ಪ್ಲೇಟು, ಬೇರಿಂಗು, ಸೀಲು ಒಂದು ಚೀಲದಲ್ಲಿದ್ದವು. ನಾನು ಕೇಳುವ ಮೊದಲೇ ಇಟ್ಟಿದ್ದರು. ಹಳೆಯ ಪ್ಲೇಟಿನಲ್ಲಿ ಸವೆದು ಸವೆದು ರಿವೆಟಿನ ತಲೆ ಮೇಲೆ ಬಂದಿತ್ತು. ಹೊಸದನ್ನು ಹಾಕುವ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆದು ಕಳಿಸಿದ್ದರು. ಹೊಸದರ ಪ್ಯಾಕೆಟ್ಟೂ ಅದೇ ಚೀಲದಲ್ಲಿತ್ತು. ಹಳೆಯ ಸಾಮಾನನ್ನು ಕೇಳಿ ಪಡೆಯುವುದು ಎಲ್ಲರಿಗೂ ಅಭ್ಯಾಸ ಆಗಬೇಕು. ಮನೆಯಲ್ಲಿ ಇಟ್ಟು ಏನು ಮಾಡುತ್ತೀರಿ ಎಂದು ಕೆಲವರು ಕೇಳುತ್ತಾರೆ. ಇಟ್ಟುಕೊಳ್ಳಬೇಕಾಗಿಲ್ಲ, ಗುಜರಿಗೆ ಹಾಕಿ. ಬದಲಾದದ್ದು ನಿಜ ಎಂದು ಕಣ್ಣಾರೆ ನೋಡಿದರೆ ಸಾಕು.

ತೆರಿಗೆಯ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲೂ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ಪ್ಯಾಕೆಟ್ ಮೇಲಿನ ಎಂಆರ್‌ಪಿಯಲ್ಲಿ ಎಲ್ಲಾ ತೆರಿಗೆ ಸೇರಿರುತ್ತದೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತೆಗೆದುಕೊಳ್ಳಲು ಕಾನೂನು ಬಿಡುವುದಿಲ್ಲ. ಕೆಲವು ಕಡೆ ಎಂಆರ್‌ಪಿ ಬರೆದು, ಅದರ ಮೇಲೆ ಪುನಃ ಶೇ. 18 ಹಾಕುತ್ತಾರೆ. 4,150ರ ಸೆಟ್ಟಿಗೆ ಅದು 747 ರೂಪಾಯಿ ಜಾಸ್ತಿ. ಸರಿಯಾದ ಬಿಲ್ಲಿನಲ್ಲಿ ತೆರಿಗೆ ಇಲ್ಲದ ಬೆಲೆ, ಆಮೇಲೆ ತೆರಿಗೆ, ಎರಡೂ ಕೂಡಿದರೆ ಎಂಆರ್‌ಪಿ ಅಥವಾ ಅದಕ್ಕಿಂತ ಕಮ್ಮಿ ಬರಬೇಕು. ಲೇಬರಿಗೆ ಮಾತ್ರ ಶೇ. 18 ಮೇಲಿಂದ ಬರುತ್ತದೆ. ಪಾರ್ಟ್ಸ್ ಮೇಲಿನ ಜಿಎಸ್‌ಟಿ ಕೂಡ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಮೊದಲು ಹೆಚ್ಚಿನವಕ್ಕೆ ಶೇ. 28 ಇತ್ತು. ಈಗಲೂ 28 ಎಂದು ಬರೆದ ಎಸ್ಟಿಮೇಟ್ ಕಂಡರೆ ಪ್ರಶ್ನಿಸಿ. ಇನ್ನೊಂದು, ಜಿಎಸ್‌ಟಿ ನಂಬರ್ ಇಲ್ಲದ ಸಣ್ಣ ಗ್ಯಾರೇಜು ಜಿಎಸ್‌ಟಿ ಎಂದು ಹೇಳಿ ಒಂದು ಪೈಸೆ ಕೂಡ ಕೇಳುವಂತಿಲ್ಲ. ನಂಬರ್ ಇಲ್ಲದಿರುವುದು ತಪ್ಪಲ್ಲ. ವರ್ಷದ ವಹಿವಾಟು ಮಿತಿಗಿಂತ ಕಮ್ಮಿ ಇದ್ದರೆ ನೋಂದಣಿ ಬೇಕಿಲ್ಲ. ನಂಬರ್ ಇಲ್ಲದೆ ತೆರಿಗೆ ಕೇಳುವುದು ತಪ್ಪು.

ಈಗ ಆ ಥ್ರಾಟಲ್ ಬಾಡಿ, ಎಂಜಿನ್ ಫ್ಲಶ್, ಎಸಿ ಡಿಸ್‌ಇನ್ಫೆಕ್ಷನ್ ವಿಷಯ. ಇವೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಕಾರು ನಿಂತಿರುವಾಗ ಎಂಜಿನ್ ಓಟ (ಐಡ್ಲಿಂಗ್) ಏರುಪೇರಾದರೆ ಥ್ರಾಟಲ್ ಕ್ಲೀನ್ ಮಾಡಿಸಬೇಕು. ಎಸಿಯಿಂದ ಮುಗ್ಗಲು ವಾಸನೆ ಬಂದರೆ ಅದಕ್ಕೂ ಮದ್ದು ಬೇಕು. ಆದರೆ ಕ್ಲಚ್ ಕೆಲಸಕ್ಕೆ ಬಂದ ಕಾರಿಗೆ, ಯಾವ ದೂರೂ ಇಲ್ಲದೆ, ಇವನ್ನು ಸೇರಿಸುವುದಕ್ಕೆ ಕಾರಣ ಬೇರೆಯೇ. ಜಾಬ್ ಕಾರ್ಡಿಗೆ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಗೆ, ಸಹಿ ಮಾಡುವ ಮೊದಲು ಓದಿ. ಬೇಡದ್ದಕ್ಕೆ ಅವರ ಕೈಯಿಂದಲೇ ಗೀಟು ಹೊಡೆಸಿ. "ಕೇಳದೆ ಬೇರೆ ಕೆಲಸ ಮಾಡಬಾರದು, ಜಾಸ್ತಿ ಏನಾದರೂ ಕಂಡರೆ ಫೋನ್ ಮಾಡಬೇಕು" ಎಂದು ಕಾರ್ಡಿನ ಮೇಲೇ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ. ಇಷ್ಟು ಬರೆದರೆ ಬಿಲ್ಲಿನ ಹೊತ್ತಿಗೆ ಜಗಳವೇ ಬರುವುದಿಲ್ಲ.

ನಿಮ್ಮ ಕಾರಿನಲ್ಲಿ ಏನಿದೆ ಎಂದು ತಿಳಿದಿರುವುದೂ ಮುಖ್ಯ. ಕೆಲವು ವರ್ಷದ ಹಿಂದೆ ಹೈವೇ ಪಕ್ಕದ ಒಂದು ಗ್ಯಾರೇಜಿನವನು ಇದೇ ಕಾರಿಗೆ ಟೈಮಿಂಗ್ ಬೆಲ್ಟ್ ಬದಲಿಸಬೇಕು ಅಂದಿದ್ದ. ಈ ಎಂಜಿನ್ನಿನಲ್ಲಿ ಬೆಲ್ಟೇ ಇಲ್ಲ, ಚೈನ್ ಇದೆ. ಕಾರಿನ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇರುತ್ತದೆ, ಅಲ್ವಾ? ಎಷ್ಟು ಕಿಲೋಮೀಟರಿಗೆ ಯಾವುದನ್ನು ಬದಲಿಸಬೇಕು, ಎಂಜಿನ್ ಆಯಿಲ್ ಎಷ್ಟು ಲೀಟರ್ ಹಿಡಿಯುತ್ತದೆ, ಎಲ್ಲಾ ಅದರಲ್ಲಿದೆ. ನಮ್ಮ ಕಾರಿಗೆ ಮೂರು ಲೀಟರಿನ ಆಸುಪಾಸು. ಬಿಲ್ಲಿನಲ್ಲಿ ನಾಲ್ಕು ಬರೆದಿದ್ದರೆ ಉಳಿದದ್ದು ಎಲ್ಲಿ ಎಂದು ಕೇಳುವ ಹಕ್ಕು ನಿಮಗಿದೆ. ಹೊಸ ಕಾರಿನವರಿಗೂ ಒಂದು ಮಾತು. ಫ್ರೀ ಸರ್ವಿಸ್ ಅಂದರೆ ಲೇಬರ್ ಮಾತ್ರ ಫ್ರೀ. ಆಯಿಲ್, ಫಿಲ್ಟರಿಗೆ ದುಡ್ಡು ಕೊಡಬೇಕು. ಆದರೆ ಆ ಬಿಲ್ಲಿನಲ್ಲಿ "ಜನರಲ್ ಚೆಕಪ್ ಲೇಬರ್" ಎಂಬ ಸಾಲು ಇದ್ದರೆ ಅದು ಯಾಕೆ ಬಂತು ಎಂದು ಕೇಳಲೇಬೇಕು. ದೊಡ್ಡ ಕಾರು ಕಂಪನಿಗಳ ವೆಬ್‌ಸೈಟಿನಲ್ಲಿ ಸರ್ವಿಸ್ ಖರ್ಚಿನ ಲೆಕ್ಕ ಸಿಗುತ್ತದೆ. ಹೋಗುವ ಮೊದಲು ಒಮ್ಮೆ ನೋಡಿಕೊಂಡರೆ ಕೈಯಲ್ಲಿ ಒಂದು ಅಂದಾಜು ಇರುತ್ತದೆ.

ಫಿಸಿಕ್ಸ್ ಲೆಕ್ಚರರ್ ಕಾರಿನ ಕತೆ ಹೇಳುತ್ತೇನೆ ಅಂದಿದ್ದೆ. ಅವರ ಕಾರಿನಲ್ಲಿ ಎಂಜಿನ್ ಲೈಟ್ ಬಂದಿತ್ತು. ಒಂದು ಕಡೆ ಸ್ಕ್ಯಾನರ್ ಹಾಕಿ ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಿಸಬೇಕು ಅಂದರು. ಸೆನ್ಸರ್ ಬೆಲೆ ಸಾವಿರಗಟ್ಟಲೆ. ಸ್ಕ್ಯಾನಿಂಗಿಗೆ 500 ಬೇರೆ. ಅವರು ಈ ಮೇಸ್ತ್ರಿ ಹತ್ತಿರ ಬಂದರು. ಇವರೂ ಸ್ಕ್ಯಾನರ್ ಹಾಕಿದರು, ತೊಂದರೆ ತೋರಿಸುವ ಅದೇ ಕೋಡ್ ಬಂತು. ಆದರೆ ಇವರು ಅಲ್ಲಿಗೆ ನಿಲ್ಲಿಸಲಿಲ್ಲ. ಗಾಡಿ ಲಿಫ್ಟಿಗೆ ಏರಿಸಿ ಸೆನ್ಸರಿನ ವೈರನ್ನು ಕೈಯಲ್ಲಿ ಹಿಡಿದುಕೊಂಡು ಹೋದರು. ಒಂದು ಕಡೆ ಇಲಿ ಕಡಿದಿತ್ತು. ಮಲೆನಾಡಿನಲ್ಲಿ, ಅದರಲ್ಲೂ ತೋಟದ ಮನೆಗಳಲ್ಲಿ ಕಾರು ನಿಲ್ಲಿಸುವವರಿಗೆ ಇದು ಗೊತ್ತಿರುವ ಕಾಟ. ವೈರ್ ಜೋಡಿಸಿ, ಟೇಪ್ ಸುತ್ತಿ, ಕೋಡ್ ಅಳಿಸಿದರು. ತೆಗೆದುಕೊಂಡದ್ದು 600. ಅದರಲ್ಲಿ ವೈರಿಗೆ ಹೋದದ್ದು ಹತ್ತಿಪ್ಪತ್ತು ರೂಪಾಯಿ ಇರಬಹುದು. ಉಳಿದದ್ದು ಲೇಬರ್. ಆ ಲೇಬರ್ ಕೈ ಕೆಲಸಕ್ಕಲ್ಲ, ಹುಡುಕಿದ್ದಕ್ಕೆ. ನನಗೆ ಕೇಳಿದರೆ ಅದು ಪೂರ್ತಿ ನ್ಯಾಯದ ದುಡ್ಡು. ಸ್ಕ್ಯಾನರ್ ತೊಂದರೆ ಯಾವ ಕಡೆ ಇದೆ ಎಂದು ಹೇಳುತ್ತದೆ. ಯಾವ ಪಾರ್ಟ್ ಹೋಗಿದೆ ಎಂದು ಕಂಡುಹಿಡಿಯಬೇಕಾದವನು ಮೆಕ್ಯಾನಿಕ್. ಕೋಡ್ ಓದಿದ ತಕ್ಷಣ ಪಾರ್ಟ್ ಬದಲಿಸಿ ಎನ್ನುವವರು ಅರ್ಧ ಕೆಲಸ ಮಾಡಿ ಪೂರ್ತಿ ದುಡ್ಡು ಕೇಳುತ್ತಿದ್ದಾರೆ.

ಇಂಥ ಸಣ್ಣ ಗ್ಯಾರೇಜುಗಳು ಉಳಿಯಬೇಕು ಎಂಬುದು ನನ್ನ ಮನಸ್ಸಿನ ಆಸೆ. ಅದಕ್ಕೆ ಕಾನೂನಿನ ಬೆಂಬಲವೂ ಇದೆ. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿಗೂ ಹೆಚ್ಚು ದಂಡ ಹಾಕಿತ್ತು. ಬಿಡಿಭಾಗ ಮತ್ತು ರಿಪೇರಿಯ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಮಾಡಿದ್ದಾರೆ ಎಂಬುದು ಕಾರಣ. ಕಂಪನಿಗಳು ಮೇಲ್ಮನವಿಗೆ ಹೋದವು, ದಂಡದ ಲೆಕ್ಕ ಆಮೇಲೆ ಬದಲಾಯಿತು. ಆದರೂ ಹೊರಗಿನ ಮೇಸ್ತ್ರಿಗೂ ಪಾರ್ಟ್ ಸಿಗಬೇಕು, ಗ್ರಾಹಕನಿಗೆ ಆಯ್ಕೆ ಇರಬೇಕು ಎಂಬ ಮಾತು ಗಟ್ಟಿಯಾಗಿ ಬಂದದ್ದು ಆಗ. ಆಯ್ಕೆ ಇದ್ದರೆ ತಾನೆ ಒಂದು ಎಸ್ಟಿಮೇಟನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಆಗುವುದು?

ಗ್ಯಾರೇಜಿನ ಕೊರತೆಗಳನ್ನೂ ಹೇಳಲೇಬೇಕು. ಕಾಯಲು ಜಾಗ ಇಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ, ಅದೂ ಬಿಸಿಲಿಗೆ. ಹೆಂಗಸರಿಗೆ ಶೌಚಾಲಯದ ವ್ಯವಸ್ಥೆ ಇಲ್ಲ. ಕಾರು ಬಿಟ್ಟು ಆಟೋದಲ್ಲಿ ಮನೆಗೆ ಹೋಗುವುದೇ ಒಳ್ಳೆಯದು. ಫೋನ್ ಎತ್ತುವುದು ಅಪರೂಪ, ವಾಟ್ಸಾಪ್ ಮಾಡಿದರೆ ಸಂಜೆ ಉತ್ತರ ಬರುತ್ತದೆ. ನಾಳೆ ಕೊಡುತ್ತೇನೆ ಅಂದ ಕಾರು ನಾಡಿದ್ದು ಸಿಕ್ಕಿತು. ಕಾರು ತೊಳೆದು ಕೊಡುತ್ತಾರೆ, ಆದರೆ ಸ್ಟೀರಿಂಗಿನ ಮೇಲೆ ಗ್ರೀಸಿನ ಕೈ ಗುರುತು ಹಾಗೇ ಇತ್ತು. ಎಸಿ ಗ್ಯಾಸು, ವೀಲ್ ಅಲೈನ್‌ಮೆಂಟು ಹೊರಗೆ ಮಾಡಿಸುತ್ತಾರೆ. ಹೊರಗೆ ಮಾಡಿಸಿದ್ದರ ಬಿಲ್ಲನ್ನು ಹಾಗೇ ತೋರಿಸುತ್ತಾರೆ, ಮೇಲಿಂದ ಏನೂ ಸೇರಿಸುವುದಿಲ್ಲ. ಆದರೂ ಸಮಯ ಹಿಡಿಯುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರು, ಹೈಬ್ರಿಡ್, ಎಲೆಕ್ಟ್ರಿಕ್ ಒಯ್ಯಬೇಡಿ. ನಮಗೆ ಆ ಕೆಲಸ ಬರುವುದಿಲ್ಲ ಎಂದು ಅವರೇ ವಾಪಸ್ ಕಳಿಸುತ್ತಾರೆ. ವಾರಂಟಿ ಇನ್ನೂ ಇರುವ ಕಾರಾದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ಅಲ್ಲೂ ಈ ಪ್ರಶ್ನೆಗಳನ್ನೇ ಕೇಳಿ.

ಬಿಲ್ಲಿನ ಕೆಳಗೆ ಮೇಸ್ತ್ರಿ ಕೈಯಲ್ಲೇ ಬರೆದುಕೊಟ್ಟಿದ್ದಾರೆ: ಕ್ಲಚ್ ಕೆಲಸಕ್ಕೆ ಆರು ತಿಂಗಳು ಲೇಬರ್ ಗ್ಯಾರಂಟಿ. ಅಷ್ಟರೊಳಗೆ ಅದೇ ತೊಂದರೆ ಬಂದರೆ ಬಿಚ್ಚುವುದಕ್ಕೆ ದುಡ್ಡಿಲ್ಲ. ಪಾರ್ಟಿನ ಗ್ಯಾರಂಟಿ ಕಂಪನಿಯದ್ದು ಬೇರೆ. ಇದನ್ನು ಎಲ್ಲಾ ಕಡೆ ಕೇಳಿ ಬರೆಸಿಕೊಳ್ಳಿ. ಬಿಲ್ಲೇ ಕೊಡುವುದಿಲ್ಲ ಎನ್ನುವವರ ಹತ್ತಿರ ದೊಡ್ಡ ಕೆಲಸ ಮಾಡಿಸಬೇಡಿ. ಸೇವೆಗೆ ಬಿಲ್ಲು ಕೊಡದಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಬಿಲ್ಲು ಇದ್ದು ಅನ್ಯಾಯ ಆಗಿದ್ದರೆ ಮೊದಲು ಆ ಸೆಂಟರಿನ ಮ್ಯಾನೇಜರ್‌ಗೆ ಬರಹದಲ್ಲಿ ಕೊಡಿ. ಆಮೇಲೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಎಸ್ಟಿಮೇಟ್, ಜಾಬ್ ಕಾರ್ಡ್, ಬಿಲ್ಲು ಮೂರೂ ಜೋಪಾನವಾಗಿರಲಿ.

ನನ್ನ ಕಡೆಯಿಂದ ಈ ಗ್ಯಾರೇಜಿಗೆ ಕೆಲಸಕ್ಕೆ ಐದಕ್ಕೆ ಐದು, ಬಿಲ್ಲಿಗೆ ಐದಕ್ಕೆ ಐದು, ಹೇಳಿದ ಸಮಯಕ್ಕೆ ಕೊಡುವುದರಲ್ಲಿ ಎರಡು. ಬೆಳಿಗ್ಗೆ ಒಂಬತ್ತೂವರೆಗೆ ತೆರೆಯುತ್ತಾರೆ, ಭಾನುವಾರ ರಜೆ. ಯುಪಿಐ ಅಥವಾ ನಗದು, ಕಾರ್ಡ್ ನಡೆಯುವುದಿಲ್ಲ. ಆಯುಧ ಪೂಜೆಯ ಹಿಂದಿನ ವಾರ ಹೋಗಬೇಡಿ, ಒಳಗೆ ಕಾರು ನಿಲ್ಲಿಸಲೂ ಜಾಗ ಇರುವುದಿಲ್ಲ.